ಸೌನಾದಲ್ಲಿ ಕಂಡ ಮಂಡಿ

ನನ್ನ ಭಾವ ಅರ್ವೊ ಕೆಟೊಲಾ ಟೈರಿನ ಅಂಗಡಿಯವನು, ನನ್ನ ಹೆಂಡತಿಯ ಅಣ್ಣ. ಟಮರಾಕ್ ಬೇ ಊರಿನಲ್ಲಿ ಮರದ ಲಾರಿಯವರಿಂದ ಹಿಡಿದು ಶಾಲೆಯ ಬಸ್ಸಿನವರೆಗೆ ಚಳಿಗಾಲದ ಟೈರು ಹಾಕಿಸುವವರೆಲ್ಲ ಅವನ ಹತ್ತಿರವೇ ಬರುತ್ತಾರೆ. ಬಂದವರು ಕಾಯಬೇಕು. ಅವನು ಜಾಕಿ ಏರಿಸಿ, ಕೆಲಸ ಅರ್ಧಕ್ಕೆ ಬಿಟ್ಟು, ಬಾಗಿಲಲ್ಲಿ ನಿಂತು ಕೊಲ್ಲಿಯ ಕಡೆ ನೋಡುತ್ತಾನೆ. ಸೆಪ್ಟೆಂಬರಿನ ಬೆಳಗ್ಗೆ ಸರೋವರದ ನೀರು ಹಾಲು ಕಾಯಿಸಿದ ಹಾಗೆ ಹೊಗೆಯಾಡುತ್ತಿರುತ್ತದೆ. ಆ ಹೊಗೆಯೊಳಗಿಂದ ಲೂನ್ ಹಕ್ಕಿ ಕೂಗುತ್ತದೆ, ಹಕ್ಕಿ ಮಾತ್ರ ಕಾಣುವುದಿಲ್ಲ. ಅರ್ವೊ ತಾನೂ ಅರ್ಧ ಕರಗಿಹೋದವನ ಹಾಗೆ ನಿಂತಿರುತ್ತಾನೆ.

"ಭಾವ, ಗಿರಾಕಿ ಕಾಯ್ತಿದಾರೆ!" ಎಂದು ಅದೇ ಅಂಗಡಿಯಲ್ಲಿ ಕೆಲಸ ಮಾಡುವ ನಾನು ಕೂಗಬೇಕು.

"ಹೂಂ ಎಸ್ಕೊ, ಬಂದೆ. ಕಿರುಚಬೇಡ, ಹಕ್ಕಿ ಹಾರಿಹೋಗುತ್ತೆ."

ಈ ಮನುಷ್ಯನೇ ನಮ್ಮೂರ ಐಸ್ ಹಾಕಿ ತಂಡದ ಮ್ಯಾನೇಜರು. ಹಸಿರು ಅಂಗಿಯ ಎದೆಯ ಮೇಲೆ ನೀರುನಾಯಿಯ ಚಿತ್ರವಿರುವ ತಂಡ ನಮ್ಮದು. ಇಪ್ಪತ್ತು ವರ್ಷದಿಂದ ಬಿಡಿಗಾಸು ತೆಗೆದುಕೊಳ್ಳದೆ ಆ ಕೆಲಸ ಮಾಡಿಕೊಂಡು ಬಂದಿದ್ದ. ಯಾರು ಬರಬೇಕು, ಯಾರು ಹೋಗಬೇಕು ಎಂದು ಆರಿಸುವುದು, ಕರಾರಿಗೆ ರುಜು ಹಾಕುವುದು, ರಿಂಕು ಎಂಬ ಮಂಜುಗಡ್ಡೆಯ ಆಟದಂಗಳದ ಬೀಗದ ಕೈ ಇಟ್ಟುಕೊಳ್ಳುವುದು, ಎಲ್ಲ ಅವನದೇ. ತಾನು ಆಡಿದವನಲ್ಲ. ಸ್ಕೇಟು ಕಟ್ಟಿದರೆ ಕರಡಿಯೊಂದು ಮೆಟ್ಟಿಲು ಹುಡುಕುತ್ತಿರುವ ಹಾಗೆ ಕಾಣುತ್ತಿದ್ದ. ಆದರೆ ಬೆಳಗಾಗುವ ಮುಂಚೆ ರಿಂಕಿಗೆ ಹೋಗಿ ದೀಪ ಹಾಕದೆ ಖಾಲಿ ಮಂಜುಗಡ್ಡೆಯ ಅಂಚಿನಲ್ಲಿ ನಿಲ್ಲುವುದು ಅವನ ಅಭ್ಯಾಸ. "ಐಸು ಉಸಿರಾಡುತ್ತೆ" ಎನ್ನುತ್ತಿದ್ದ. ಉಸಿರಾಡುವುದು ಕೆಳಗಿನ ತಂಪಿನ ಯಂತ್ರ ಎಂದು ನಾನು ರೇಗಿದರೆ, "ಅದೂ ಆಡಲಿ ಬಿಡು" ಎಂದು ನಗುತ್ತಿದ್ದ. ನಾನು ತಂಡದ ಸ್ಕೇಟುಗಳಿಗೆ ಸಾಣೆ ಹಿಡಿಯುವವನು, ಸಾಮಾನಿನ ಮೂಟೆ ಹೊರುವವನು.

ಆ ಸೆಪ್ಟೆಂಬರಿನಲ್ಲಿ ಲುಸಿಯನ್ ಶಾರ್ಟ್ರಾಂಡ್ ಊರಿಗೆ ವಾಪಸು ಬಂದ.

ಅವನು ನಮ್ಮ ಕೊಲ್ಲಿಯ ಮಂಜುಗಡ್ಡೆಯ ಮೇಲೆಯೇ ಆಟ ಕಲಿತವನು, ಅರ್ವೊನ ಕಣ್ಣಿಗೇ ಮೊದಲು ಬಿದ್ದವನು. ಆಮೇಲೆ ದೊಡ್ಡ ಲೀಗಿಗೆ ಹೋಗಿ ಟೀವಿಯಲ್ಲಿ ಕಾಣುವ ಮನುಷ್ಯನಾದ. ಈಗ ಮೂವತ್ತೊಂಬತ್ತು ದಾಟಿತ್ತು. ದೊಡ್ಡ ಲೀಗು ಬೇಡ ಎಂದಿತ್ತು. "ಕೊನೆಯ ಒಂದು ವರ್ಷ ಊರಿಗೆ ಆಡ್ತೀನಿ" ಎಂದು ಹೇಳಿಕಳಿಸಿದ. ಕೇಳಿದ ಸಂಬಳ ಅವನ ಹೆಸರಿಗೆ ಹೆಚ್ಚಲ್ಲ, ನಮ್ಮ ಕೈಗೆ ಹೆಚ್ಚು.

ನಮ್ಮದು ಆರು ಊರುಗಳ ಲೀಗು. ಗಣಿಯಿರುವ ಊರು ದುಡ್ಡು ಚೆಲ್ಲಿ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳಬಾರದು ಎಂದು ಲೀಗಿನವರು ಸಂಬಳಕ್ಕೆ ಮಿತಿ ಹಾಕಿದ್ದಾರೆ. ಒಂದು ತಂಡ ಎಲ್ಲ ಆಟಗಾರರಿಗೂ ಸೇರಿ ಇಷ್ಟೇ ಕೊಡಬಹುದು, ಅದರ ಮೇಲೆ ಒಂದು ಡಾಲರೂ ಕೂಡದು. ಒಬ್ಬನ ತಟ್ಟೆಗೆ ಹೆಚ್ಚು ಬಡಿಸಿದರೆ ಇನ್ನೊಬ್ಬನ ತಟ್ಟೆಯಿಂದ ತೆಗೆಯಬೇಕು. ಲುಸಿಯನ್ ಕೇಳಿದ್ದು ಆ ಮಿತಿಯ ಮೂರನೇ ಒಂದು ಪಾಲು. ಅವನನ್ನು ತೆಗೆದುಕೊಂಡರೆ ಎರಡನೇ ಸಾಲಿನಲ್ಲಿ ಆಡುವ ಮೂವರನ್ನು ಬಿಡಬೇಕು. ಮೂವರೂ ಕಾಗದದ ಗಿರಣಿಯಲ್ಲಿ ಪಾಳಿ ಮುಗಿಸಿ ಬಂದು ಆಡುವವರು. ಮೈಯಿಂದ ಗಂಧಕದ ವಾಸನೆ ಹೋಗಿರುತ್ತಿರಲಿಲ್ಲ, ಆದರೂ ಪಂದ್ಯಗಳು ಮುಗಿಯುವ ಮಾರ್ಚಿನವರೆಗೆ ಓಡುತ್ತಿದ್ದರು.

ಮಿತಿ ತಪ್ಪಿಸುವ ಉಪಾಯಗಳೂ ಊರಲ್ಲಿ ಹುಟ್ಟಿದವು. ಸಂಬಳ ಕಡಿಮೆ ತೋರಿಸಿ, ಉಳಿದದ್ದಕ್ಕೆ ಮೂಸ್ ಜಿಂಕೆಯ ಮಾಂಸ, ಚಳಿಗಾಲದ ಸೌದೆ, ವರ್ಷವಿಡೀ ಪುಕ್ಕಟೆ ಕ್ಷೌರ ಕೊಡೋಣ ಎಂದರು. ಪಕ್ಕದೂರಿನವರು ಹಿಂದೆ ತಮ್ಮ ಗೋಲು ಕಾಯುವವನಿಗೆ ಹೀಗೇ ಒಂದು ಪಿಕಪ್ ಗಾಡಿ ಕೊಟ್ಟು ಸಿಕ್ಕಿಬಿದ್ದಿದ್ದರು. ಅಂದಿನಿಂದ ಲೀಗಿನವರು ಸೌದೆಗೂ ಬೆಲೆ ಕಟ್ಟುತ್ತಾರೆ.

ಶುಕ್ರವಾರ ಸಂಜೆ ಲುಸಿಯನ್ ರಿಂಕಿಗೆ ಬಂದ. ಆ ವರ್ಷದ ಮೊದಲ ಮಂಜುಗಡ್ಡೆ ಅಂದೇ ಗಟ್ಟಿಯಾಗಿತ್ತು. ಅವನ ಸ್ಕೇಟಿಗೆ ನಾನೇ ಸಾಣೆ ಹಿಡಿದುಕೊಟ್ಟೆ. ಅವನು ಒಳಗಿಳಿದ. ಆಮೇಲೆ ಕಂಡದ್ದನ್ನು ಹೇಗೆ ಹೇಳಲಿ? ಉಳಿದವರು ಆಡುವಾಗ ಕೊಡಲಿಯಿಂದ ಸೌದೆ ಸೀಳಿದ ಸದ್ದು ಬರುತ್ತದೆ. ಇವನ ಕಾಲಡಿಯಿಂದ ಬಂದದ್ದು ಯಾರೋ ರೇಷ್ಮೆ ಮಡಿಸುತ್ತಿರುವ ಸದ್ದು. ಅವಸರವೇ ಇರಲಿಲ್ಲ. ಅವನು ತಿರುಗಿದಾಗ ಗೋಡೆ, ದೀಪ, ಖಾಲಿ ಕುರ್ಚಿಗಳು ಎಲ್ಲ ಮೆಲ್ಲಗೆ ಅವನ ಜೊತೆ ತಿರುಗಿದಂತೆ ಕಂಡಿತು. ಪಕ್ ಎಂಬ ಆ ರಬ್ಬರಿನ ಬಿಲ್ಲೆ ಅವನನ್ನು ಹುಡುಕಿಕೊಂಡು ಹೋಗುತ್ತಿತ್ತು. ನನಗೆ ಬೈಗುಳ ಬಿಟ್ಟು ಬೇರೆ ಮಾತು ಸಲೀಸಾಗಿ ಬರುವುದಿಲ್ಲ. ಅವತ್ತು ಬೈಗುಳವೂ ಬರಲಿಲ್ಲ.

ನಮ್ಮ ಪಕ್ಕದಲ್ಲಿ ಬರ್ನಿಸ್ ಓಲ್ಸನ್ ನಿಂತಿದ್ದಳು. ಕಿರಾಣಿ ಅಂಗಡಿಯವಳು, ತಂಡದ ಸಮಿತಿಯ ಅಧ್ಯಕ್ಷೆ, ಊರಿನ ಅರ್ಧ ಜನಕ್ಕೆ ಹೆದರಿಕೆ. "ಏನಂತೀಯ ಅರ್ವೊ?" ಎಂದಳು.

ಅರ್ವೊ ಕಣ್ಣು ತೆಗೆಯದೆ, "ಮೂವರ ಬೆಲೆ ಬಾಳ್ತಾನೆ" ಎಂದ.

"ಹಾಗಾದ್ರೆ ಮಂಗಳವಾರ ಸಭೇಲಿ ಹೇಳು. ನೀನು ಹೇಳಿದ್ರೆ ಎಲ್ಲರೂ ಒಪ್ತಾರೆ."

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಲುಸಿಯನ್ ಹೊರಗೆ ಬಂದಾಗ ಭಾವ ಅವನ ಹೆಗಲ ಮೇಲೆ ಕೈಹಾಕಿ, "ನಾಳೆ ಶನಿವಾರ, ಸೌನಾಕ್ಕೆ ಬಾ" ಎಂದುಬಿಟ್ಟ.

ನಾನು ಅವನನ್ನು ಅಂಗಡಿಗೆ ಎಳೆದುಕೊಂಡು ಹೋಗಿ ಬೈದೆ. "ನಿಂಗೆ ಬುದ್ಧಿ ಇದೆಯಾ ಭಾವ? ಕರಾರು ಆಗಿಲ್ಲ, ಏನಿಲ್ಲ, ಆಗ್ಲೇ ಸೌನಾಕ್ಕೆ ಕರೀತಾರಾ ಯಾರಾದ್ರೂ?"

"ಊರಿಗೆ ಬಂದಿದಾನೆ. ಬೆನ್ನು ತೊಳ್ಕೊಳ್ಳೋಕೆ ಬಿಸಿನೀರು ಕೊಡದೆ ಇರೋದು ಹೇಗೆ?"

ಫಿನ್ಲೆಂಡಿನಿಂದ ಬಂದ ನಮ್ಮ ಫಿನ್ನಿಷ್ ಮನೆಗಳಲ್ಲಿ ಸೌನಾ ಎಂಬ ಹಬೆಸ್ನಾನದ ಕೋಣೆಯೊಳಗೆ ಯಾರೂ ವ್ಯಾಪಾರ ಮಾತಾಡುವುದಿಲ್ಲ, ಜಗಳ ಆಡುವುದಿಲ್ಲ. ಅಲ್ಲಿ ಕಂಡದ್ದು, ಕೇಳಿದ್ದು ಹೊಸ್ತಿಲು ದಾಟುವುದಿಲ್ಲ. ಯಾರೂ ಯಾರಿಗೂ ಇದನ್ನು ಕಲಿಸಿದ್ದಲ್ಲ. ಬಟ್ಟೆ ಬಿಚ್ಚಿ ಬಾಗಿಲಾಚೆ ನೇತುಹಾಕುವಾಗ ಅಂಗಡಿ, ಸಮಿತಿ, ಹಗೆ ಎಲ್ಲವನ್ನೂ ಅದೇ ಗೂಟಕ್ಕೆ ನೇತುಹಾಕಿ ಒಳಗೆ ಹೋಗುತ್ತೇವೆ.

ಶನಿವಾರ ಸಂಜೆ ನಾವು ಮೂವರೇ ಇದ್ದೆವು. ಭಾವನ ಸೌನಾ ಕೊಲ್ಲಿಯ ದಂಡೆಯಲ್ಲೇ ಇದೆ, ಅವನ ಅಜ್ಜ ದಿಮ್ಮಿ ಜೋಡಿಸಿ ಕಟ್ಟಿದ್ದು. ಒಂದೇ ಸಣ್ಣ ಕಿಟಕಿ. ಅದರಿಂದ ಬೀಳುವ ಸಂಜೆಯ ಬೆಳಕು ಹಬೆಯೊಳಗೆ ಜೇನಿನ ಬಣ್ಣಕ್ಕೆ ತಿರುಗಿ, ಎಲ್ಲಿಂದ ಬಂತೆಂಬುದೇ ತಿಳಿಯದೆ ಗಾಳಿಯಲ್ಲಿ ತೂಗುತ್ತದೆ. ಕಾದ ಕಲ್ಲಿನ ಮೇಲೆ ನೀರು ಚೆಲ್ಲಿದರೆ ಹಾವು ಸುಯ್ದ ಸದ್ದು, ಆಮೇಲೆ ನೀಳವಾದ ಮೌನ. ಮೈಗೆ ಬಡಿದುಕೊಳ್ಳುವ ಬರ್ಚ್ ಮರದ ಸೊಪ್ಪಿನ ವಾಸನೆ. ಆ ಮೌನದಲ್ಲಿ ಕೂತರೆ ನಾನು ಯಾರು, ಯಾವ ಕಾಲದವನು ಎಂಬುದೂ ಮರೆತುಹೋಗುತ್ತದೆ.

ಲುಸಿಯನ್ ಮೇಲಿನ ಹಲಗೆಗೆ ಹತ್ತಬೇಕಿತ್ತು. ಇರುವುದು ಮೂರು ಮೆಟ್ಟಿಲು. ಅವನು ಎಡಗಾಲಿಟ್ಟ, ಬಲಗಾಲನ್ನು ಕೈಯಿಂದ ಹಿಡಿದು ಪಕ್ಕಕ್ಕೆ ತಂದಿಟ್ಟುಕೊಂಡ. ಮತ್ತೆ ಎಡಗಾಲು, ಮತ್ತೆ ಕೈ. ಹತ್ತಿ ಕೂತಾಗ ಬಲಗಾಲು ಕಂಬದ ಹಾಗೆ ಮುಂದಕ್ಕೆ ಚಾಚಿಕೊಂಡಿತ್ತು, ಮಡಚಲಿಲ್ಲ. ಮಂಡಿಯ ಸುತ್ತ ಹೊಲಿಗೆಯ ಗುರುತುಗಳು ಬಿಸಿಗೆ ಕೆಂಪಾಗಿ ಎದ್ದು ಕಂಡವು.

ನಾವು ಏನೂ ಕೇಳಲಿಲ್ಲ. ಅವನೇ ಹೇಳಿದ.

"ಒಳಗೆ ಏನೂ ಉಳಿದಿಲ್ಲ ಅರ್ವೊ. ಮೂಳೆಗೆ ಮೂಳೆ ಉಜ್ಜುತ್ತೆ. ಡಾಕ್ಟ್ರು ಇನ್ನು ಆಡಬೇಡ ಅಂದಿದಾರೆ."

ಭಾವ, "ನಿನ್ನೆ ಗೊತ್ತಾಗಲೇ ಇಲ್ಲ" ಎಂದ.

"ಐಸ್ ಮೇಲೆ ಗೊತ್ತಾಗಲ್ಲ. ನೆಲದ ಮೇಲೆ ಮಾತ್ರ ನಾನು ಕುಂಟ. ಜನರೆದುರು ಹಲ್ಲು ಕಚ್ಕೊಂಡು ನೆಟ್ಟಗೆ ನಡೀತೀನಿ. ಲೂನ್ ನೋಡಿಲ್ವಾ, ನೀರಿಂದ ಎದ್ದು ದಡಕ್ಕೆ ಬಂದ್ರೆ ಹೊಟ್ಟೆ ಎಳ್ಕೊಂಡು ಹೋಗುತ್ತೆ." ಅವನು ನಕ್ಕ. "ಸ್ಕೇಟು ಕಟ್ಟಿದಾಗ ಮಾತ್ರ ಎಚ್ಚರ ಇರ್ತೀನಿ. ಉಳಿದ ಹೊತ್ತೆಲ್ಲ ನಿದ್ದೇಲಿ ನಡೆದ ಹಾಗೆ. ಇನ್ನೊಂದು ವರ್ಷ ಎಚ್ಚರವಾಗಿ ಇರಬೇಕು, ಅಷ್ಟೇ."

ಭಾವ ಕಲ್ಲಿನ ಮೇಲೆ ನೀರು ಚೆಲ್ಲಿದ. ಹಬೆ ಎದ್ದು ಯಾರ ಮುಖ ಯಾರಿಗೂ ಕಾಣದಂತಾಯಿತು. ಆಮೇಲೆ ಮೂವರೂ ಹೊರಗೆ ಬಂದು ಕಪ್ಪು ನೀರಿಗೆ ಇಳಿದೆವು. ನೀರಿನಲ್ಲಿ ಲುಸಿಯನ್ ಕುಂಟಲಿಲ್ಲ, ಮೀನಿನ ಹಾಗೆ ಹೋದ. ಭಾವನ ಹೆಂಡತಿ ಸೈಮಿ ಅಕ್ಕ ಕಾಫಿ, ಏಲಕ್ಕಿ ಹಾಕಿದ ಪುಲ್ಲಾ ರೊಟ್ಟಿ ತಂದಿಟ್ಟಳು. ಎಲ್ಲರೂ ಹವೆಯ ಮಾತಾಡಿದೆವು.

ಲುಸಿಯನ್ ಹೋದ ಮೇಲೆ ನಾನು ಸಿಡಿದೆ. "ಈಗೇನು ಮಾಡ್ತೀಯ? ಸಭೇಲಿ ಹೇಳ್ತೀಯಾ?"

"ಏನನ್ನ?"

"ಆ ಮಂಡೀನ!"

"ಯಾವ ಮಂಡಿ?" ಎಂದ ಭಾವ. ತಮಾಷೆಗೆ ಹೇಳಿದ್ದಲ್ಲ.

ಮಂಗಳವಾರ ರಿಂಕಿನ ಮೇಲಿನ ಕೋಣೆಯಲ್ಲಿ ಸಭೆ. ಸಮಿತಿಯಲ್ಲಿ ಏಳು ಜನ. ನನಗೆ ಮತವಿಲ್ಲ, ಗೋಡೆಗೆ ಒರಗಿ ನಿಂತಿದ್ದೆ. ಬರ್ನಿಸ್ ಆಗಲೇ ಗೆದ್ದವಳ ಹಾಗೆ ಡೋನಟ್ ಹಂಚುತ್ತಿದ್ದಳು.

"ಅರ್ವೊ, ನೀನೇ ಶುರು ಮಾಡು."

"ಬೇಡ" ಎಂದ ಭಾವ.

"ಡೋನಟ್ ಬೇಡ್ವಾ?"

"ಲುಸಿಯನ್ ಬೇಡ. ಒಬ್ಬನಿಗೋಸ್ಕರ ಮೂವರನ್ನ ಬಿಡಬಾರದು."

ಬರ್ನಿಸ್ ಡೋನಟ್ ಕೆಳಗಿಟ್ಟಳು. "ಮೂವರ ಬೆಲೆ ಬಾಳ್ತಾನೆ ಅಂದೋನು ನೀನೇ ಅಲ್ವಾ? ನನ್ನ ಕಿವೀಲಿ ಕೇಳಿದೀನಿ. ಶುಕ್ರವಾರಕ್ಕೂ ಇವತ್ತಿಗೂ ಏನಾಯ್ತು?"

"ಏನಿಲ್ಲ."

"ಏನಿಲ್ಲ ಅಂದ್ರೆ? ರಿಂಕು ತುಂಬುತ್ತೆ, ಹೊರಗೆ ಜನ ಸಾಲು ನಿಲ್ತಾರೆ. ಈ ಊರು ಕಪ್ ನೋಡಿ ಎಷ್ಟು ಕಾಲ ಆಯ್ತು? ಕಾರಣ ಹೇಳು."

"ಹೇಳೋಕಾಗಲ್ಲ."

"ಹೊಟ್ಟೆಕಿಚ್ಚು ಕಣೋ ನಿಂಗೆ! ನೀನು ಬೆಳೆಸಿದೋನು ನಿನಗಿಂತ ದೊಡ್ಡೋನಾದ ಅಂತ."

ಆ ಮಾತಿಗೆ ನನ್ನ ಕಿವಿ ಬಿಸಿಯಾಯಿತು. ಮಂಡಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಭಾವ ತಿರುಗಿ ನನ್ನ ಕಡೆ ಒಂದೇ ಸಲ ನೋಡಿದ. ನಾನು ಒಂದು ಡೋನಟ್ ತೆಗೆದುಕೊಂಡು ಬಾಯಿಗೆ ತುರುಕಿಕೊಂಡೆ.

ಮೇಜಿನ ಸುತ್ತ ಭಾವನಲ್ಲದೆ ಇನ್ನಿಬ್ಬರು ಫಿನ್ನಿಷ್ ಮನೆತನದವರಿದ್ದರು. ಶನಿವಾರ ಭಾವನ ಸೌನಾದ ಹೊಗೆ ಅವರಿಗೂ ಕಂಡಿತ್ತು, ದಾರಿಯಲ್ಲಿ ನಿಂತಿದ್ದ ಲುಸಿಯನ್‌ನ ಗಾಡಿಯೂ ಕಂಡಿತ್ತು. ಇಬ್ಬರೂ ತಲೆ ತಗ್ಗಿಸಿ ಮೇಜು ನೋಡುತ್ತಾ ಕೂತರು. ಏನನ್ನೂ ಕೇಳದೆ ಭಾವನ ಪರ ಕೈಯೆತ್ತಿದರು. ಬರ್ನಿಸ್ ಸೇರಿ ಉಳಿದ ನಾಲ್ವರು ಲುಸಿಯನ್ ಪರ.

ಭಾವ ಎದ್ದು ಸೊಂಟದಿಂದ ಬೀಗದ ಕೈಗೊಂಚಲು ತೆಗೆದು ಡೋನಟ್ಟಿನ ಡಬ್ಬಿಯ ಪಕ್ಕ ಇಟ್ಟ. "ಕರಾರಿಗೆ ರುಜು ಹಾಕೋದು ಮ್ಯಾನೇಜರ ಕೆಲಸ. ನಂಬಿಕೆ ಇರೋರು ಹಾಕಲಿ" ಎಂದು ಮೆಟ್ಟಿಲಿಳಿದು ಹೋದ. ನಾನೂ ಸಾಣೆಕಲ್ಲು ಬಿಟ್ಟೆ ಎಂದು ಕೂಗಿದೆ. ನನ್ನನ್ನು ಯಾರೂ ಕೇಳಿಯೇ ಇರಲಿಲ್ಲ.

ಇಪ್ಪತ್ತು ವರ್ಷ ಅವನ ಸೊಂಟದಲ್ಲಿ ಝಣಗುಟ್ಟುತ್ತಿದ್ದ ಗೊಂಚಲು ಅದು. ಮಾರನೆಯ ದಿನ ಬೆಳಗಾಗುವ ಮುಂಚೆ ಅಭ್ಯಾಸಬಲದಿಂದ ರಿಂಕಿನವರೆಗೂ ನಡೆದುಹೋಗಿ, ಮುಚ್ಚಿದ ಬಾಗಿಲ ಮುಂದೆ ನಿಂತು ವಾಪಸು ಬಂದನಂತೆ. ಸೈಮಿ ಅಕ್ಕ ಹೇಳಿದಳು. ಊರಿನ ಕೆಲವರು ಟೈರು ಹಾಕಿಸಲು ಪಕ್ಕದೂರಿಗೆ ಹೋಗತೊಡಗಿದರು. ಲುಸಿಯನ್ ರುಜು ಹಾಕಿದ. ಸಭೆಯಲ್ಲಿ ಏನಾಯಿತೆಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ? ಅಂದಿನಿಂದ ಅವನು ಸೌನಾದ ಕಡೆ ತಲೆ ಹಾಕಲಿಲ್ಲ.

ಅಕ್ಟೋಬರಿನಲ್ಲಿ ಮೊದಲ ಪಂದ್ಯ. ನಾವಿಬ್ಬರೂ ಟಿಕೆಟು ಕೊಂಡು ಜನರ ನಡುವೆ ಕೂತೆವು. ರಿಂಕು ಕಿಕ್ಕಿರಿದಿತ್ತು. ಅಷ್ಟು ಜನರ ಉಸಿರು ಮೇಲೆ ಹೋಗಿ ದೀಪಗಳ ಸುತ್ತ ಮೋಡ ಕಟ್ಟಿತ್ತು. ಎರಡನೇ ಅವಧಿಯಲ್ಲಿ ಲುಸಿಯನ್ ಪಕ್ ಹಿಡಿದು ಗೋಲಿನ ಹಿಂದೆ ಹೋದ. ಎಲ್ಲರೂ ಅವನ ಹಿಂದೆ ನುಗ್ಗಿದರು. ಅವನು ನಿಂತುಬಿಟ್ಟ. ಅಷ್ಟು ಗಲಾಟೆಯ ನಡುವೆ ಒಬ್ಬ ಮನುಷ್ಯ ಏನನ್ನೋ ನೆನಪು ಮಾಡಿಕೊಳ್ಳುತ್ತಿರುವ ಹಾಗೆ ನಿಂತ. ಆಮೇಲೆ ಯಾರೂ ಇಲ್ಲದ ಜಾಗಕ್ಕೆ ಪಕ್ಕನ್ನು ಮೆಲ್ಲಗೆ ಬಿಟ್ಟ. ಅಲ್ಲಿ ಯಾರೂ ಇರಲಿಲ್ಲ. ಪಕ್ ತಲುಪುವ ಹೊತ್ತಿಗೆ ನಮ್ಮವನೊಬ್ಬ ಅಲ್ಲಿದ್ದ. ಗೋಲು. ಜನ ಎದ್ದು ಅರಚಿದರು. ಭಾವ ಕೂತೇ ಇದ್ದ, ಕಣ್ಣು ಅರ್ಧ ಮುಚ್ಚಿತ್ತು. ನಿದ್ದೆಯಲ್ಲಿ ಒಳ್ಳೆಯದೇನನ್ನೋ ಕಂಡವನ ಮುಖ.

"ಬಾಳ್ತಾನಾ ಭಾವ, ಮೂವರ ಬೆಲೆ?" ಎಂದು ಚುಚ್ಚಿದೆ.

"ಈ ಗಳಿಗೆಗೆ ಬಾಳ್ತಾನೆ. ಮಾರ್ಚಿಗೆ ಬಾಳಲ್ಲ."

ಹಾಗೇ ಆಯಿತು. ಜನವರಿಯಲ್ಲಿ ಲುಸಿಯನ್‌ನ ಮಂಡಿ ಹೋಯಿತು. ಆಟದಲ್ಲಿ ಯಾರೂ ಹೊಡೆಯಲಿಲ್ಲ. ಆಟ ಮುಗಿಸಿ ಮಂಜುಗಡ್ಡೆಯಿಂದ ರಬ್ಬರಿನ ನೆಲಕ್ಕೆ ಕಾಲಿಟ್ಟ, ಕುಸಿದ. ನಮ್ಮ ಲೀಗಿನಲ್ಲಿ ಗಾಯವಾದರೂ ಸಂಬಳ ಮಿತಿಯ ಲೆಕ್ಕದಿಂದ ಇಳಿಯುವುದಿಲ್ಲ. ಅವನ ಜಾಗಕ್ಕೆ ಯಾರನ್ನೂ ತರಲಾಗಲಿಲ್ಲ. ತಂಡದ ಸಂಬಳದ ಮೂರನೇ ಒಂದು ಪಾಲು ಊರುಗೋಲು ಹಿಡಿದು ಕೂತಿತ್ತು. ಬಿಟ್ಟ ಮೂವರಲ್ಲಿ ಇಬ್ಬರು ಗಣಿಯೂರಿನ ತಂಡ ಸೇರಿದ್ದರು. ಮಾರ್ಚಿನಲ್ಲಿ ಅವರೇ ನಮ್ಮನ್ನು ಕಪ್ ಪಂದ್ಯದಿಂದ ಹೊರಹಾಕಿದರು.

ಅದಾದ ಮುಂದಿನ ಶನಿವಾರ ನಾವು ಸೌನಾದಲ್ಲಿದ್ದಾಗ ಬಾಗಿಲು ತೆರೆಯಿತು. ತಣ್ಣನೆಯ ಗಾಳಿಯ ಜೊತೆ ಲುಸಿಯನ್ ಊರುಗೋಲು ಹೊರಗಿಟ್ಟು ಒಳಗೆ ಬಂದ. ಭಾವ ಅವನ ಕಂಕುಳಿಗೆ ಕೈಕೊಟ್ಟು ಮೇಲೆ ಹತ್ತಿಸಿದ, ಮಗುವಿಗೆ ಮಾಡಿದ ಹಾಗಲ್ಲ, ಸಾಮಾನು ಸರಿಸಿಕೊಟ್ಟ ಹಾಗೆ. ಕಿಟಕಿಯಾಚೆ ಹಿಮ ಉದುರುತ್ತಿತ್ತು. ಬಹಳ ಹೊತ್ತು ಬೆವರಿದೆವು.

"ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು. ನನ್ನನ್ನ ತಗೋತಾನೇ ಇರ್ಲಿಲ್ಲ. ನಿಮ್ಮ ಕೆಲಸಾನೂ ಉಳೀತಿತ್ತು" ಎಂದ ಲುಸಿಯನ್.

"ನೀನು ಅದನ್ನ ಇಲ್ಲಿ ಹೇಳಿದ್ದೆ" ಎಂದ ಭಾವ.

"ಅಷ್ಟೇನಾ?"

"ಅಷ್ಟೇ. ನೀರು ಹಾಕ್ಲಾ?"

ಸೋಮವಾರ ಮಧ್ಯಾಹ್ನ ಲುಸಿಯನ್ ರಿಂಕಿನ ಕ್ಯಾಂಟೀನಿಗೆ ಹೋಗಿ, ಅಲ್ಲಿ ಕಾಫಿ ಕುಡಿಯುತ್ತಿದ್ದವರ ಎದುರಿಗೆಲ್ಲ, ಮಂಡಿ ಬೇಸಿಗೆಯಲ್ಲೇ ಹೋಗಿತ್ತು, ಅರ್ವೊಗೆ ಗೊತ್ತಿತ್ತು, ಎಲ್ಲಿ ಗೊತ್ತಾಯಿತು, ಯಾಕೆ ಹೇಳಲಿಲ್ಲ, ಎಲ್ಲವನ್ನೂ ತಾನೇ ಹೇಳಿದ. ಅವನೇ ಹೊಸ್ತಿಲು ದಾಟಿಸಿದ ಮಾತಾದ್ದರಿಂದ ನಾನು ಬರೆಯುತ್ತಿದ್ದೇನೆ.

ಅರ್ಧ ಗಂಟೆಯಲ್ಲಿ ಬರ್ನಿಸ್ ಟೈರಿನ ಅಂಗಡಿಗೆ ನುಗ್ಗಿದಳು. ಕೈಯಲ್ಲಿ ಗೊಂಚಲು. ಕ್ಷಮೆ ಕೇಳಲು ಬಂದಳೆಂದುಕೊಂಡೆ.

"ಅಯೋಗ್ಯ! ಬಾಯಿ ಮುಚ್ಕೊಂಡು ನಮ್ಮ ವರ್ಷಾನೇ ಮುಳುಗಿಸಿದೆಯಲ್ಲೋ! ಮೂವರ ಹೊಟ್ಟೆಪಾಡಿಗಿಂತ ನಿಮ್ಮ ಆ ಸೌನಾ ಹಲಗೆ ದೊಡ್ಡದಾ?"

ನಾನು ಸ್ಪ್ಯಾನರು ಎಸೆದೆ, ಅವಳ ಕಡೆಗಲ್ಲ. "ಬೇಡ ಅಂತ ಹೇಳಿದ್ನಲ್ಲಮ್ಮ! ನೀವು ಕೇಳಿದ್ರಾ?"

ಭಾವ ಕೈ ಒರೆಸಿಕೊಳ್ಳುತ್ತಾ ಬಂದ. "ದೊಡ್ಡದಲ್ಲ ಬರ್ನಿಸ್. ನೀನು ಹೇಳೋದು ಸರಿ. ಆ ಮೂವರ ಮುಖ ನಂಗೆ ದಿನಾ ಕಾಣುತ್ತೆ. ಆದ್ರೆ ಅಲ್ಲಿ ಕೇಳಿದ್ದನ್ನ ನಾನು ಸಭೇಲಿ ಹೇಳಿದ್ರೆ, ಆಮೇಲೆ ಈ ಊರಲ್ಲಿ ಯಾರು ಎಲ್ಲಿ ನಿಜ ಹೇಳ್ತಾರೆ?"

ಬರ್ನಿಸ್ ಒಪ್ಪಿದಳು ಎಂದು ನಾನು ಹೇಳಲಾರೆ. ಗೊಂಚಲನ್ನು ಎಣ್ಣೆ ಡಬ್ಬಿಯ ಮೇಲೆ ಇಟ್ಟು, "ಮುಂದಿನ ವರ್ಷಕ್ಕೆ ಮಿತಿಯ ಮೂರನೇ ಪಾಲು ಖಾಲಿ ಇದೆ. ನೀನೇ ತುಂಬು" ಎಂದು ಹೊರಟುಹೋದಳು.

ಆ ಸಂಜೆಯೇ ಭಾವ ಅಡುಗೆಮನೆಯ ಫೋನು ಹಿಡಿದು ಕೂತ. ಬಿಟ್ಟಿದ್ದ ಮೂವರಲ್ಲಿ ಮೊದಲಿಬ್ಬರು ಗಣಿಯೂರಿನಲ್ಲಿ ಸುಖವಾಗಿದ್ದೇವೆಂದು ಹೇಳಿ ಇಟ್ಟರು. ಮೂರನೆಯವನು ಡ್ವೇನ್ ಮೆಕ್‌ಕ್ವಾರಿ. ಎಲ್ಲಿಗೂ ಹೋಗದೆ, ಆಟ ಬಿಟ್ಟು ಗಿರಣಿಯಲ್ಲಿ ದುಡಿಯುತ್ತಿದ್ದವನು. ಅವನ ದನಿ ನನಗೂ ಕೇಳುತ್ತಿತ್ತು.

"ನನ್ನ ತೆಗೆದುಹಾಕಿದ್ದು ನೀವೇ ತಾನೆ, ಮಿಸ್ಟರ್ ಕೆಟೊಲಾ?"

ಅವನು ಗಿರಣಿ, ಮನೆ ಬಿಟ್ಟು ಎಲ್ಲಿಗೂ ಹೋಗದವನು. ಅಂದಿನ ಸಭೆಯ ಸುದ್ದಿಯಾಗಲಿ ಕ್ಯಾಂಟೀನಿನ ಸುದ್ದಿಯಾಗಲಿ ಅವನಿಗೆ ಇನ್ನೂ ಮುಟ್ಟಿರಲಿಲ್ಲ. 'ಅಲ್ಲ ಅನ್ನು!' ಎಂದು ನಾನು ಮೇಜು ಗುದ್ದಿದೆ. ಸೈಮಿ ಅಕ್ಕ ನನ್ನ ಕೈಮೇಲೆ ಸೌಟಿನಿಂದ ಹೊಡೆದಳು.

"ತಂಡ ತೆಗೆದುಹಾಕ್ತು. ತಂಡ ಈಗ ಕರೀತಿದೆ" ಎಂದ ಭಾವ.

"ನಾನು ಸ್ಕೇಟು ಮಾರಿಬಿಟ್ಟೆ."

"ಕಾಲಿನ ಅಳತೆ ಹೇಳು."

ಆ ಕಡೆಯಿಂದ ಉಸಿರು ಮಾತ್ರ ಕೇಳಿಸುತ್ತಿತ್ತು. ಭಾವ ಅವಸರಪಡಿಸಲಿಲ್ಲ. ಫೋನನ್ನು ಕಿವಿಗೆ ಆನಿಸಿಕೊಂಡು ಕಿಟಕಿಯತ್ತ ತಿರುಗಿದ. ಹೊರಗೆ ಸಂಜೆ ನೀಲಿಯಾಗುತ್ತಿತ್ತು. ಹಿಮವೂ ಆಕಾಶವೂ ಒಂದೇ ಬಣ್ಣಕ್ಕೆ ತಿರುಗಿ, ಎಲ್ಲಿ ಯಾವುದು ಮುಗಿಯುತ್ತದೆ ಎಂದು ಹೇಳುವಂತಿರಲಿಲ್ಲ. ಎಷ್ಟು ಹೊತ್ತು ಬೇಕಾದರೂ ಹಾಗೇ ನಿಂತಿರುವವನು ಅವನು, ನನಗೆ ಗೊತ್ತು. ಕೊನೆಗೆ ಡ್ವೇನ್ ತನ್ನ ಕಾಲಿನ ಅಳತೆ ಹೇಳಿದ.